ಬಚ್ಚಲಿಲ್ಲದೆ ಬಾಗಿಲು ಹಾಕಿದ ಹೋಟೆಲು

ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದ ಮುಂಭಾಗದಲ್ಲಿ ಕೆಂಪು ಇಟ್ಟಿಗೆಯ, ಗೋಪುರಗಳ ಒಂದು ಭಾರೀ ಕಟ್ಟಡವಿದೆ. 1873ರಲ್ಲಿ ಅದು ಮಿಡ್‌ಲ್ಯಾಂಡ್ ಗ್ರ್ಯಾಂಡ್ ಹೋಟೆಲಾಗಿ ತೆರೆಯಿತು, 1935ರಲ್ಲಿ ಮುಚ್ಚಿತು. ಅದನ್ನು ಮುಳುಗಿಸಿದ್ದರಲ್ಲಿ ಬಚ್ಚಲಿನ ಪಾಲು ದೊಡ್ಡದು. ನೂರಾರು ಕೋಣೆಗಳಿಗೆ ಇದ್ದದ್ದು ಬೆರಳೆಣಿಕೆಯ ಸ್ನಾನದ ಮನೆಗಳು. ಹೊಸ ಕೊಳವೆ ಎಳೆಯೋಣವೆಂದರೆ, ಬೆಂಕಿಗೆ ಜಗ್ಗಬಾರದೆಂದು ಕಟ್ಟಿದ ನೆಲ ಕೊರೆತಕ್ಕೂ ಜಗ್ಗಲಿಲ್ಲ. ಅದೇ ಕಟ್ಟಡ 2011ರಲ್ಲಿ ಮತ್ತೆ ಐಷಾರಾಮಿ ಹೋಟೆಲಾಯಿತು. ನಡುವಿನ ಮುಕ್ಕಾಲು ಶತಮಾನದಲ್ಲಿ ಬದಲಾದದ್ದು ಏನು?

ಮೊದಲನೆಯದು, ಕೆಡವುವುದು ಕಷ್ಟವಾಯಿತು. ನ್ಯೂಯಾರ್ಕಿನ ಪೆನ್ ಸ್ಟೇಷನ್ ಎಂಬ ರೈಲು ನಿಲ್ದಾಣದ ಕಟ್ಟಡವನ್ನು 1963ರಲ್ಲಿ ಉರುಳಿಸಲು ತೊಡಗಿದಾಗ ಎದ್ದ ಸಿಟ್ಟು, 1965ರಲ್ಲಿ ಆ ನಗರಕ್ಕೆ ಪಾರಂಪರಿಕ ಕಟ್ಟಡಗಳ ರಕ್ಷಣೆಯ ಕಾನೂನು ಬರಲು ನೆರವಾಯಿತು. ಸೇಂಟ್ ಪ್ಯಾಂಕ್ರಸ್ ಕಟ್ಟಡಕ್ಕೂ 1967ರಲ್ಲಿ ರಕ್ಷಣೆ ಸಿಕ್ಕಿತು. ಆದರೆ ಕೆಡವಬೇಡ ಎಂದಷ್ಟೇ ಹೇಳಿದರೆ ಸೂರು ಸೋರುವುದು ನಿಲ್ಲದು. ರಿಪೇರಿಯ ದುಡ್ಡು ಹುಟ್ಟಬೇಕಲ್ಲ! ಅಮೆರಿಕ 1981ರಲ್ಲಿ, ಪಾರಂಪರಿಕ ಕಟ್ಟಡವನ್ನು ನಿಯಮದಂತೆ ದುರಸ್ತಿ ಮಾಡಿ ವ್ಯವಹಾರಕ್ಕೆ ಬಳಸುವವರಿಗೆ ಆ ವೆಚ್ಚದ ಶೇ 25ರಷ್ಟನ್ನು ತೆರಿಗೆಯಲ್ಲಿ ಬಿಟ್ಟುಕೊಟ್ಟಿತು. 1986ರಲ್ಲಿ ಅದು ಶೇ 20ಕ್ಕೆ ಇಳಿಯಿತು. ಪಾಳು ಬಿದ್ದ ಬ್ಯಾಂಕು, ಅಂಚೆ ಕಚೇರಿ, ಗೋದಾಮುಗಳ ಮೇಲೆ ಹೂಡಿಕೆದಾರರ ಕಣ್ಣು ಬಿದ್ದದ್ದರಲ್ಲಿ ಕಲಾಭಿಮಾನಕ್ಕಿಂತ ಈ ಲೆಕ್ಕವೇ ಹೆಚ್ಚು ಕೆಲಸ ಮಾಡಿರಬೇಕು.

ಎರಡನೆಯದು, ಕೊರತೆಯನ್ನೇ ಶೋಕಿಯಾಗಿ ಮಾರಬಹುದೆಂದು ಗೊತ್ತಾಯಿತು. ಹಳೆಯ ಕಟ್ಟಡದಲ್ಲಿ ಕೋಣೆಗಳು ಕಡಿಮೆ, ಒಂದರ ಅಳತೆ ಇನ್ನೊಂದಕ್ಕಿಲ್ಲ. ಊರೂರಲ್ಲಿ ಒಂದೇ ಮಾದರಿಯ ಹೋಟೆಲು ನಡೆಸುವ ಸರಪಳಿ ಕಂಪನಿಗಳಿಗೆ ಇದು ತಲೆನೋವು. 1978ರಲ್ಲಿ ವಿನ್ಯಾಸಕಿ ಅನೂಸ್ಕಾ ಹೆಂಪೆಲ್ ಲಂಡನ್ನಿನ ಹಳೆಯ ಸಾಲುಮನೆಗಳಲ್ಲಿ ಬ್ಲೇಕ್ಸ್ ಹೋಟೆಲು ತೆರೆದು, ಕೋಣೆಗೊಂದು ಬಣ್ಣ, ಕೋಣೆಗೊಂದು ಠೀವಿ ಕೊಟ್ಟರು. 1984ರಲ್ಲಿ ನ್ಯೂಯಾರ್ಕಿನ ಹಳೆಯ ಕಟ್ಟಡವೊಂದರಲ್ಲಿ ಮಾರ್ಗನ್ಸ್ ಬಂತು. ಅದರ ಹಿಂದಿದ್ದ ಇಯಾನ್ ಶ್ರೇಗರ್, ಸ್ಟೀವ್ ರೂಬೆಲ್ ಇಬ್ಬರೂ ಸ್ಟುಡಿಯೊ 54 ಎಂಬ ನೈಟ್‌ಕ್ಲಬ್ ನಡೆಸಿ, ತೆರಿಗೆ ವಂಚನೆಗಾಗಿ ಜೈಲು ಕಂಡು ಬಂದವರು. ಕೈಯಲ್ಲಿ ಕಾಸು ಕಡಿಮೆ. ವಿನ್ಯಾಸಕಿ ಆಂದ್ರೆ ಪ್ಯೂಟ್ಮನ್ ಬಚ್ಚಲುಗಳಿಗೆ ಅಗ್ಗದ ಕಪ್ಪು-ಬಿಳುಪು ಟೈಲ್ಸನ್ನು ಚದುರಂಗದ ಮಣೆಯಂತೆ ಹಾಕಿಸಿದರು; ಹೋಟೆಲಿನ ಗುರುತೇ ಅದಾಯಿತು. ದೊಡ್ಡ ಹೋಟೆಲುಗಳು ಎಲ್ಲವೂ ಸಿಗುವ ಡಿಪಾರ್ಟ್‌ಮೆಂಟ್ ಸ್ಟೋರಾದರೆ ತಮ್ಮದು ಬೊಟಿಕ್, ಅಂದರೆ ಆಯ್ದ ಸರಕಿನ ಪುಟ್ಟ ಅಂಗಡಿ, ಎಂದು ರೂಬೆಲ್ ಹೋಲಿಸಿದರು. ಹೆಸರು ಅಂಟಿಕೊಂಡಿತು.

ಇಷ್ಟಾದರೂ ಬಚ್ಚಲಿನ ಸಮಸ್ಯೆ ಬಗೆಹರಿಯಬೇಕಿತ್ತಲ್ಲ. ಎತ್ತರದ ಚಾವಣಿಯ ಕೋಣೆಯಲ್ಲಿ ಬಚ್ಚಲನ್ನು ಬೀರುವಿನ ಹಾಗೆ ನಡುವೆ ನಿಲ್ಲಿಸುವುದು ಒಂದು ಉಪಾಯ. ಅದರ ಗೋಡೆ ಚಾವಣಿಗೆ ತಾಗದು, ಹಾಗಾಗಿ ಅಂಚಿನ ಗಾರೆಯ ಕೆತ್ತನೆ ಉಳಿಯುತ್ತದೆ. ನೆಲವನ್ನು ತುಸು ಎತ್ತರಿಸಿ ಅದರಡಿ ಕೊಳವೆ ಓಡಿಸುತ್ತಾರೆ. ನಾಳೆ ಬೇಡವೆಂದರೆ ಎಲ್ಲವನ್ನೂ ಬಿಚ್ಚಿ ಒಯ್ಯಬಹುದು. ಇದಕ್ಕಿಂತ ಕಠಿಣವಾದದ್ದು ಬೆಂಕಿ ಬಿದ್ದರೆ ಇಳಿದು ಹೋಗಲು ಬೇಕಾದ ಎರಡನೇ ಮೆಟ್ಟಿಲಸಾಲು. ಅದಕ್ಕೆ ಜಾಗ ಹುಡುಕುವಾಗ ಹಳೆಯ ಕೋಣೆಯೊಂದು ಬಲಿಯಾಗುವುದುಂಟು.

ಕೆಲವೊಮ್ಮೆ ಹಳೆಯ ಕಟ್ಟಡದೊಳಗಿನ ಕೋಣೆಗಳಿಂದಷ್ಟೇ ಲೆಕ್ಕ ಕೂಡುವುದೇ ಇಲ್ಲ. ಬಾಸ್ಟನ್ನಿನಲ್ಲಿ 1851ರ ಚಾರ್ಲ್ಸ್ ಸ್ಟ್ರೀಟ್ ಜೈಲು 2007ರಲ್ಲಿ ಹೋಟೆಲಾಯಿತು. ಹೆಸರು ಲಿಬರ್ಟಿ, ಅಂದರೆ ಸ್ವಾತಂತ್ರ್ಯ! ಈ ತಮಾಷೆ ನನಗೆ ಅಷ್ಟು ರುಚಿಸುವುದಿಲ್ಲ. ಅಲ್ಲಿನ ಸುಮಾರು 300 ಕೋಣೆಗಳಲ್ಲಿ ಬಹುಪಾಲು ಇರುವುದು ಪಕ್ಕದಲ್ಲಿ ಎಬ್ಬಿಸಿದ ಹೊಸ ಗೋಪುರದಲ್ಲಿ. ಹಳೆಯ ಜೈಲು ಹೋಟೆಲಿಗೆ ಅಂಗಳವೂ ಅಲಂಕಾರವೂ ಆಗಿ ಉಳಿದಿದೆ.

ಕಟ್ಟಡ ಉಳಿದ ಕೇರಿಯಲ್ಲಿ ಜನ ಉಳಿಯುತ್ತಾರೆಯೇ ಎಂಬುದು ಆಮೇಲೆ ಎದ್ದ ಪ್ರಶ್ನೆ. ಬಾಡಿಗೆ ಏರಿ ನಿವಾಸಿಗಳು ಗಂಟುಮೂಟೆ ಕಟ್ಟುತ್ತಿದ್ದಾರೆಂಬ ದೂರಿನ ನಡುವೆ ಬಾರ್ಸಿಲೋನಾ 2015ರಲ್ಲಿ ಹೊಸ ಹೋಟೆಲ್ ಪರವಾನಗಿಗಳನ್ನು ತಡೆಹಿಡಿಯಿತು. 2017ರ ಯೋಜನೆಯ ಪ್ರಕಾರ ಅಲ್ಲಿನ ಹಳೆಯ ಪೇಟೆಯಲ್ಲಿ ಹೋಟೆಲೊಂದು ಮುಚ್ಚಿದರೂ ಅದರ ಬದಲಿಗೆ ಇನ್ನೊಂದನ್ನು ತೆರೆಯುವಂತಿರಲಿಲ್ಲ.