ಚೈನೋ ಶಾಫ್ಟೋ? ಇಂಜಿನ್ ಮಲಗಿದ ದಿಕ್ಕು ನೋಡಿ

ಬೈಕನ್ನು ಮೇನ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಇಂಜಿನ್ ಆಫ್ ಇರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಹಿಂದಿನ ಚಕ್ರವನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತಾ, ಚೈನಿನ ಕೆಳಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ನೋಡಿ. ಒಂದು ಕಡೆ ಸಡಿಲ, ಸ್ವಲ್ಪ ತಿರುಗಿಸಿದರೆ ಬಿಗಿ ಅನ್ನಿಸಿದರೆ ಆ ಚೈನ್ ಎಲ್ಲ ಕಡೆ ಒಂದೇ ಸಮ ಸವೆದಿಲ್ಲ ಎಂದು ಅರ್ಥ. ಅಷ್ಟರಲ್ಲಿ ಬೆರಳೆಲ್ಲ ಕಪ್ಪು ಮಸಿ. ಚೈನಿನ ಬದಲು ಶಾಫ್ಟ್, ಅಂದರೆ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ತಿರುಗುವ ಸರಳು, ಇರುವ ಬೈಕ್ ಇಟ್ಟುಕೊಂಡ ಗೆಳೆಯ ಪಕ್ಕದಲ್ಲಿದ್ದರೆ ಇಷ್ಟು ಹೊತ್ತಿಗೆ ನಗುತ್ತಿರುತ್ತಾನೆ. ಅವನ ಬೈಕಿನಲ್ಲಿ ಹೀಗೆ ಮುಟ್ಟಿ ನೋಡುವಂಥದ್ದು ಏನೂ ಇಲ್ಲ. ಒಂದು ದಪ್ಪ ಕೊಳವೆ, ಅದರ ತುದಿಯಲ್ಲಿ ಚಕ್ರದ ಬಳಿ ಲೋಹದ ಗೇರ್ ಡಬ್ಬ, ಅಷ್ಟೇ.

ಹಾಗಾದರೆ ಎಲ್ಲ ಬೈಕಿಗೂ ಶಾಫ್ಟನ್ನೇ ಯಾಕೆ ಹಾಕುವುದಿಲ್ಲ? ದುಬಾರಿ, ಭಾರ ಜಾಸ್ತಿ ಅನ್ನುತ್ತಾರೆ. ಅದು ನಿಜ, ಆದರೆ ಅರ್ಧ ಉತ್ತರ. ಇನ್ನರ್ಧ ಇರುವುದು ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿ ಬದಲಿಸುವ ಸರಳು, ಯಾವ ದಿಕ್ಕಿಗೆ ಮಲಗಿದೆ ಅನ್ನುವುದರಲ್ಲಿ.

ಎರಡು ಪೆನ್ಸಿಲ್ ತೆಗೆದುಕೊಂಡು ಅಕ್ಕಪಕ್ಕ ಸಮಾನಾಂತರವಾಗಿ ಹಿಡಿಯಿರಿ. ಎರಡಕ್ಕೂ ಸೇರಿಸಿ ಒಂದು ರಬ್ಬರ್ ಬ್ಯಾಂಡ್ ಹಾಕಿ. ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗುತ್ತದೆ. ಚೈನ್ ಮಾಡುವ ಕೆಲಸ ಇದೇ. ಹೆಚ್ಚಿನ ಬೈಕುಗಳಲ್ಲಿ ಕ್ರ್ಯಾಂಕ್ ಅಡ್ಡಡ್ಡ ಮಲಗಿರುತ್ತದೆ, ಗೇರ್‌ಬಾಕ್ಸಿನ ಶಾಫ್ಟುಗಳೂ ಅಡ್ಡ, ಹಿಂದಿನ ಚಕ್ರದ ಆಕ್ಸೆಲ್ ಕೂಡ ಅಡ್ಡ. ಎಲ್ಲ ಒಂದೇ ದಿಕ್ಕು. ಮಧ್ಯೆ ಚೈನ್ ಹಾಕಿದರೆ ಕೆಲಸ ಮುಗೀತು.

ಈಗ ಒಂದು ಪೆನ್ಸಿಲನ್ನು ಉದ್ದಕ್ಕೆ ತಿರುಗಿಸಿ ಹಿಡಿಯಿರಿ. ರಬ್ಬರ್ ಬ್ಯಾಂಡ್ ಜಾರಿ ಬೀಳುತ್ತದೆ. ಇಲ್ಲಿ ತಿರುಗುವ ದಿಕ್ಕನ್ನೇ 90 ಡಿಗ್ರಿ ಹೊರಳಿಸಬೇಕು. ಅದಕ್ಕೆ ಓರೆ ಹಲ್ಲಿನ ಗೇರ್ ಜೋಡಿ, ಅಂದರೆ ಕ್ರೌನ್ ಮತ್ತು ಪಿನಿಯನ್ ಬೇಕು. ಕ್ರ್ಯಾಂಕ್ ಉದ್ದಕ್ಕೆ ಮಲಗಿರುವ ಬೈಕಿನಲ್ಲಿ ಇಂಥ ಹೊರಳುವಿಕೆ ಚಕ್ರದ ಹತ್ತಿರ ಒಂದೇ ಸಲ. ಕ್ರ್ಯಾಂಕ್ ಅಡ್ಡ ಇದ್ದೂ ಶಾಫ್ಟ್ ಬೇಕು ಅಂದರೆ ಎರಡು ಸಲ: ಗೇರ್‌ಬಾಕ್ಸ್ ಬಳಿ ಅಡ್ಡದಿಂದ ಉದ್ದಕ್ಕೆ, ಚಕ್ರದ ಬಳಿ ಉದ್ದದಿಂದ ಅಡ್ಡಕ್ಕೆ. ಬಂದ ದಾರಿಗೇ ವಾಪಸ್ ಹೋದ ಹಾಗೆ. ಹೊರಳಿದಷ್ಟೂ ಸಲ ಹಲ್ಲುಗಳು ಒಂದರ ಮೇಲೊಂದು ಉಜ್ಜಿಕೊಂಡು ಶಕ್ತಿ ಸ್ವಲ್ಪ ಶಾಖವಾಗಿ ಹೋಗುತ್ತದೆ. ಚೆನ್ನಾಗಿ ನೋಡಿಕೊಂಡ ಚೈನ್, ತನಗೆ ಬಂದ ಶಕ್ತಿಯಲ್ಲಿ ನೂರಕ್ಕೆ 97–98ರಷ್ಟನ್ನು ಚಕ್ರಕ್ಕೆ ದಾಟಿಸುತ್ತದೆ. ಶಾಫ್ಟ್ ಅದಕ್ಕಿಂತ ಕೆಲವು ಅಂಕ ಹಿಂದೆ.

ಜರ್ಮನಿಯಲ್ಲಿ ಮ್ಯಾಕ್ಸ್ ಫ್ರಿಟ್ಸ್ ವಿನ್ಯಾಸ ಮಾಡಿದ 1923ರ ಬಿಎಂಡಬ್ಲ್ಯೂ ಆರ್32ರಲ್ಲಿ ಈ ತರ್ಕ ಸ್ಪಷ್ಟವಾಗಿ ಕಾಣುತ್ತದೆ. ಎರಡು ಸಿಲಿಂಡರುಗಳು ಎಡಕ್ಕೊಂದು ಬಲಕ್ಕೊಂದು ಚಾಚಿದ್ದವು, ಎರಡಕ್ಕೂ ಗಾಳಿ ಸಮನಾಗಿ ತಾಗುತ್ತಿತ್ತು. ಹಾಗಿಟ್ಟಾಗ ಕ್ರ್ಯಾಂಕ್ ತಾನಾಗೇ ಉದ್ದಕ್ಕೆ ಬಂತು, ಅದರ ಹಿಂದೆ ಗೇರ್‌ಬಾಕ್ಸ್, ಅದರ ಹಿಂದೆ ಶಾಫ್ಟ್. ಆದರೆ ಶಾಫ್ಟ್ ಬೈಕಿಗೆ ಇದೇ ಮೊದಲಲ್ಲ. ಬೆಲ್ಜಿಯಂನ ಎಫ್‌ಎನ್ ಕಂಪನಿ 1905ರಲ್ಲೇ ನಾಲ್ಕು ಸಿಲಿಂಡರಿನ ಶಾಫ್ಟ್ ಬೈಕ್ ತಂದಿತ್ತು.

ಚೈನ್ ಇನ್ನೂ ಹಳೆಯದು. ಮ್ಯಾಂಚೆಸ್ಟರಿನಲ್ಲಿದ್ದ ಹಾನ್ಸ್ ರೆನಾಲ್ಡ್ ಬುಷ್ ರೋಲರ್ ಚೈನಿಗೆ ಪೇಟೆಂಟ್ ಪಡೆದದ್ದು 1880ರಲ್ಲಿ. ಇವತ್ತಿನ ಬೈಕಿನ ಚೈನ್ ಬಿಚ್ಚಿ ನೋಡಿದರೂ ಒಳಗೆ ಅದೇ ವ್ಯವಸ್ಥೆ: ಪಿನ್, ಅದರ ಸುತ್ತ ಬುಷ್, ಅದರ ಸುತ್ತ ಉರುಳುವ ರೋಲರ್. ಚೈನಿನ ಪಕ್ಕದ ತಗಡಿನ ಮೇಲೆ 520 ಅಂತಲೋ 428 ಅಂತಲೋ ಕೊರೆದಿರುತ್ತಾರೆ. ಸುಮ್ನೆ ಮಾಡೆಲ್ ನಂಬರ್ ಅಲ್ಲ ಅದು. ಮೊದಲ ಅಂಕಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ, ಇಂಚಿನ ಎಂಟನೇ ಭಾಗಗಳ ಲೆಕ್ಕದಲ್ಲಿ. 5 ಇದ್ದರೆ 15.875 ಮಿಲಿಮೀಟರ್, 4 ಇದ್ದರೆ 12.7. ಉಳಿದೆರಡು ಅಂಕಿ ಅಗಲಕ್ಕೆ ಸಂಬಂಧಿಸಿದವು.

ಚೈನ್ ಉದ್ದವಾಯ್ತು, ಹಿಗ್ಗಿತು ಅನ್ನುತ್ತೇವಲ್ಲ, ಉಕ್ಕಿನ ತಗಡು ಹಾಗೆಲ್ಲ ಹಿಗ್ಗುವುದಿಲ್ಲ. ಸವೆಯುವುದು ಪಿನ್ ಮತ್ತು ಬುಷ್ ನಡುವಿನ ಜಾಗ. 110 ಕೊಂಡಿಗಳ 520 ಚೈನ್ ತೆಗೆದುಕೊಳ್ಳಿ. ಹೊಸದಾಗಿದ್ದಾಗ ಉದ್ದ ಸುಮಾರು 1746 ಮಿಲಿಮೀಟರ್. ಒಂದೊಂದು ಪಿನ್ನಿನ ಬಳಿ 0.1 ಮಿಲಿಮೀಟರ್ ಸವೆದರೆ ಕಣ್ಣಿಗೇನೂ ಕಾಣುವುದಿಲ್ಲ. ಆದರೆ 110 ಕಡೆ ಸೇರಿದರೆ ಒಟ್ಟು 11 ಮಿಲಿಮೀಟರ್. ಅಷ್ಟಾದ ಮೇಲೆ ಚೈನಿನ ಅಳತೆ ಒಂದು, ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಲ್ಲಿನ ಅಳತೆ ಇನ್ನೊಂದು. ಹಲ್ಲುಗಳು ಕೊಕ್ಕೆಯ ಹಾಗೆ ಒಂದೇ ಕಡೆಗೆ ಬಾಗತೊಡಗುತ್ತವೆ. ಹಳೇ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಬೇಡಿ ಎಂದು ಮೆಕ್ಯಾನಿಕ್ ಹೇಳುವುದು ಇದಕ್ಕೇ, ಬರೀ ವ್ಯಾಪಾರಕ್ಕಲ್ಲ.

ಆ ಸವೆತಕ್ಕೆ ತಡೆ ಹಾಕಲು ಬಂದದ್ದು ಓ-ರಿಂಗ್. ಪಿನ್ನಿನ ಎರಡೂ ತುದಿಗೆ ಪುಟ್ಟ ರಬ್ಬರ್ ಉಂಗುರ ಕೂರಿಸಿ, ಕಾರ್ಖಾನೆಯಲ್ಲೇ ಒಳಗೆ ತುಂಬಿದ ಗ್ರೀಸನ್ನು ಅಲ್ಲೇ ಮುಚ್ಚಿಬಿಡುತ್ತಾರೆ. ಇಂಥ ಚೈನಿಗೆ ನಾವು ಹೊರಗಿನಿಂದ ಬಿಡುವ ಎಣ್ಣೆ ಆ ಪಿನ್ನಿನವರೆಗೆ ಹೋಗುವುದೇ ಇಲ್ಲ. ಅದು ರೋಲರಿಗೆ, ತುಕ್ಕು ತಡೆಯಲು, ರಬ್ಬರ್ ಒಣಗದಿರಲು. ಅದಕ್ಕೇ ಒರಟು ತಂತಿ ಬ್ರಷ್ ಹಾಕಿ ತಿಕ್ಕಬಾರದು. ಉಂಗುರ ಹರಿದರೆ ಗ್ರೀಸ್ ಹೊರಗೆ, ಮಣ್ಣು ಒಳಗೆ. ಇನ್ನೊಂದು ಮಾತು, ಇಂಜಿನ್ ಚಾಲೂ ಮಾಡಿ ಗೇರ್ ಹಾಕಿ ಚೈನ್ ಒರೆಸುವವರಿದ್ದಾರೆ. ದಯವಿಟ್ಟು ಬೇಡ. ಬಟ್ಟೆ ಸಿಕ್ಕಿಕೊಂಡರೆ ಅದರ ಹಿಂದೆ ಬೆರಳೂ ಹೋಗುತ್ತದೆ.

ಚೈನ್ ಸಡಿಲ ಅನ್ನಿಸಿ ಒಮ್ಮೆ ನಾನು ತಂತಿ ವಾದ್ಯದ ಹಾಗೆ ಬಿಗಿ ಮಾಡಿದ್ದೆ. ತಪ್ಪು ಗೊತ್ತಾದದ್ದು ಹಿಂದೆ ಒಬ್ಬರು ಕೂತಾಗ. ಮುಂದಿನ ಸ್ಪ್ರಾಕೆಟ್ ಮತ್ತು ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು) ತಿರುಗುವ ಬಿಂದು ಎರಡೂ ಒಂದೇ ಜಾಗದಲ್ಲಿಲ್ಲ. ಹಾಗಾಗಿ ಸಸ್ಪೆನ್ಷನ್ ತಗ್ಗಿದಂತೆ ಸ್ಪ್ರಾಕೆಟ್ಟಿನಿಂದ ಆಕ್ಸೆಲ್ಲಿಗಿರುವ ದೂರ ಬದಲಾಗುತ್ತದೆ. ಸ್ಪ್ರಾಕೆಟ್, ಆ ಬಿಂದು, ಆಕ್ಸೆಲ್ ಮೂರೂ ಒಂದೇ ಗೆರೆಗೆ ಬಂದಾಗ ದೂರ ಅತಿ ಹೆಚ್ಚು. ಅಲ್ಲಿಗೂ ಸಾಲುವಷ್ಟು ಸಡಿಲ ಬಿಡದಿದ್ದರೆ ಚೈನ್ ಗೇರ್‌ಬಾಕ್ಸಿನ ಬೇರಿಂಗನ್ನೇ ಎಳೆಯುತ್ತದೆ. ಸಡಿಲ ಚೈನ್ ಸದ್ದು ಮಾಡಿ ಎಚ್ಚರಿಸುತ್ತದೆ, ಬಿಗಿ ಚೈನ್ ಸದ್ದಿಲ್ಲದೆ ಹಾಳು ಮಾಡುತ್ತದೆ.

ಚೈನಿಗೆ ಇನ್ನೊಂದು ಸ್ವಭಾವ ಇದೆ. ಸ್ಪ್ರಾಕೆಟ್ ನಮ್ಮ ಕಣ್ಣಿಗೆ ದುಂಡಗೆ ಕಂಡರೂ ಚೈನಿನ ಪಾಲಿಗೆ ಅದು ಬಹುಭುಜ. 15 ಹಲ್ಲಿದ್ದರೆ 15 ಮೂಲೆಗಳು. ಒಂದೊಂದು ಹಲ್ಲು ದಾಟುವಾಗಲೂ ಚೈನಿನ ವೇಗ ನೂರಕ್ಕೆ ಸುಮಾರು 2ರಷ್ಟು ಏರಿಳಿಯುತ್ತದೆ. 11 ಹಲ್ಲಿಗೆ ಇಳಿಸಿದರೆ ಏರಿಳಿತ ಸುಮಾರು 4ಕ್ಕೆ ಹೋಗುತ್ತದೆ. ಪಿಕಪ್ ಬೇಕು ಅಂತ ಮುಂದೆ ತೀರಾ ಚಿಕ್ಕ ಸ್ಪ್ರಾಕೆಟ್ ಹಾಕಿದವರ ಚೈನ್ ಬೇಗ ಸವೆಯುವುದಕ್ಕೆ ಇದೂ ಒಂದು ಕಾರಣ. ಆದರೂ, ಹೀಗೆ ಸ್ಪ್ರಾಕೆಟ್ ಬದಲಿಸಿ ಬೈಕಿನ ಗುಣವನ್ನೇ ಬದಲಿಸಬಹುದು ಅನ್ನುವುದು ಚೈನಿನ ದೊಡ್ಡ ಅನುಕೂಲ. ರೇಸ್ ತಂಡಗಳು ಚೈನ್ ಬಿಡದಿರುವುದಕ್ಕೆ ಹಗುರವಾಗಿರುವುದರ ಜೊತೆ ಇದೂ ಕಾರಣ. ಒಂದೊಂದು ಟ್ರ್ಯಾಕಿಗೆ ಒಂದೊಂದು ಅನುಪಾತ. ಶಾಫ್ಟಿನಲ್ಲಿ ಅದಕ್ಕೆ ಚಕ್ರದ ಬಳಿಯ ಗೇರ್ ಡಬ್ಬವನ್ನೇ ಬಿಚ್ಚಬೇಕು.

ಶಾಫ್ಟ್ ನಯವಾಗಿ ತಿರುಗುತ್ತದೆ ಅನ್ನುತ್ತಾರೆ, ಅಲ್ವಾ? ಅದಕ್ಕೂ ಒಂದು ಕುಂಟು ಇದೆ. ಚಕ್ರ ಮೇಲೆ ಕೆಳಗೆ ಆಡುವುದರಿಂದ ಶಾಫ್ಟಿಗೆ ಬಾಗುವ ಕೀಲು ಬೇಕು, ಅದೇ ಯೂನಿವರ್ಸಲ್ ಜಾಯಿಂಟ್. ಇದು ಬಾಗಿದಾಗ ಒಂದು ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿ, ಎರಡು ಸಲ ಕಡಿಮೆಯಾಗುತ್ತದೆ. 10 ಡಿಗ್ರಿ ಬಾಗಿದರೆ ಆಚೀಚೆ ನೂರಕ್ಕೆ ಒಂದೂವರೆಯಷ್ಟು ವ್ಯತ್ಯಾಸ. ಎರಡು ಕೀಲುಗಳನ್ನು ಸರಿಯಾದ ಜೋಡಣೆಯಲ್ಲಿ ಕೂರಿಸಿ, ಎರಡೂ ಒಂದೇ ಕೋನಕ್ಕೆ ಬಾಗುವಂತೆ ಮಾಡಿದರೆ ಒಂದರ ಕುಂಟನ್ನು ಇನ್ನೊಂದು ತಿದ್ದುತ್ತದೆ.

ಹಳೆಯ ಶಾಫ್ಟ್ ಬೈಕ್ ಓಡಿಸಿದವರಿಗೆ ಇನ್ನೊಂದು ಗೊತ್ತಿರುತ್ತದೆ. ಆಕ್ಸಿಲರೇಟರ್ ತಿರುವಿದರೆ ಹಿಂಭಾಗ ಎದ್ದು ನಿಲ್ಲುತ್ತದೆ, ಬಿಟ್ಟರೆ ಕುಸಿಯುತ್ತದೆ. ಗೇರ್ ಡಬ್ಬ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ತಾನು ಹಿಂದಕ್ಕೆ ತಿರುಗಲು ನೋಡುತ್ತದೆ. ಡಬ್ಬ ಸ್ವಿಂಗ್‌ಆರ್ಮ್‌ಗೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ, ಆ ಬಲ ಸ್ವಿಂಗ್‌ಆರ್ಮ್‌ನ ಮುಂದಿನ ತುದಿಯನ್ನು ಮೇಲೆತ್ತುತ್ತದೆ, ಅದರ ಜೊತೆ ಬೈಕನ್ನೂ. ಹಳೇ ಬಿಎಂಡಬ್ಲ್ಯೂಗಳಿಗೆ ಜರ್ಮನರು ‘ರಬ್ಬರ್ ಹಸು’ ಅಂತ ಅಡ್ಡಹೆಸರಿಟ್ಟಿದ್ದರು. ತಮಾಷೆ ಸರಿ, ಆದರೆ ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಬೈಕ್ ಕುಸಿದು ಕೆಳಭಾಗ ನೆಲಕ್ಕೆ ತಾಗಬಹುದು. 1987ರಲ್ಲಿ ಅದೇ ಕಂಪನಿ ಪ್ಯಾರಾಲೆವರ್ ತಂದಿತು. ಡಬ್ಬದ ಬಳಿ ಇನ್ನೊಂದು ಕೀಲು, ಡಬ್ಬವನ್ನು ಹಿಡಿದಿಡಲು ಒಂದು ಸರಳು. ಹಸು ಬಹುಮಟ್ಟಿಗೆ ಸುಮ್ಮನಾಯಿತು.

ನಿಂತಲ್ಲೇ ರೇಸ್ ಕೊಟ್ಟರೆ ಬೈಕ್ ಒಂದು ಪಕ್ಕಕ್ಕೆ ವಾಲುವುದನ್ನೂ ಜನ ಶಾಫ್ಟಿನ ಮೇಲೆ ಹಾಕುತ್ತಾರೆ. ಪಾಪ, ಅದು ಶಾಫ್ಟಿನ ತಪ್ಪಲ್ಲ, ಉದ್ದಕ್ಕೆ ಮಲಗಿದ ಕ್ರ್ಯಾಂಕಿನದು. ನ್ಯೂಟ್ರಲ್‌ನಲ್ಲಿ ಶಾಫ್ಟ್ ತಿರುಗುವುದೇ ಇಲ್ಲ!

ಶಾಫ್ಟಿನ ನಿಜವಾದ ಶಕ್ತಿ ಅದು ಮುಚ್ಚಿಕೊಂಡಿರುವುದರಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ಮರಳುಗಾಡಿನಲ್ಲಿ ತೆರೆದ ಚೈನ್ ಬೇಗ ಸವೆಯುವುದನ್ನು ಕಂಡ ಅಮೆರಿಕದ ಸೈನ್ಯ ಶಾಫ್ಟ್ ಬೈಕ್ ಕೇಳಿತು. ಹಾರ್ಲೆ ಡೇವಿಡ್‌ಸನ್, ಜರ್ಮನ್ ಮಾದರಿ ನೋಡಿ ಎಕ್ಸ್‌ಎ ಎಂಬ ಸುಮಾರು 1000 ಬೈಕು ಮಾಡಿಕೊಟ್ಟಿತು. 1981ರಲ್ಲಿ ಯೂಬೇರ್ ಓರಿಯೋಲ್ ಮರಳುಗಾಡು ದಾಟುವ ಪ್ಯಾರಿಸ್–ಡಕಾರ್ ರ‍್ಯಾಲಿ ಗೆದ್ದದ್ದೂ ಶಾಫ್ಟ್ ಬೈಕಿನ ಮೇಲೆ. ಸಾಮಾನು ಹೇರಿಕೊಂಡು ದಿನಗಟ್ಟಲೆ ದೂರ ಹೋಗುವವರಿಗೆ ನಾನೂ ಶಾಫ್ಟ್ ಅನ್ನುತ್ತೇನೆ. ಚಿಕ್ಕ ಇಂಜಿನ್ನಿನ ಬೈಕಿಗೆ ಮಾತ್ರ ಅದು ದಂಡ. ಇರುವ ಅಲ್ಪ ಶಕ್ತಿಯಲ್ಲಿ ಅದೂ ಪಾಲು ಕೇಳುತ್ತದೆ. ಜೊತೆಗೆ ಡಬ್ಬದ ಭಾರವೆಲ್ಲ ಚಕ್ರದ ಪಕ್ಕದಲ್ಲೇ ಇರುವುದರಿಂದ ಗುಂಡಿಗೆ ಬಿದ್ದಾಗ ಸಸ್ಪೆನ್ಷನ್ನಿಗೆ ಚಕ್ರ ಹಿಡಿದಿಡುವುದು ಕಷ್ಟವಾಗುತ್ತದೆ.

ಮುಚ್ಚಿಕೊಂಡಿರುವುದೇ ಅದರ ತೊಂದರೆಯೂ ಹೌದು. ಚೈನ್ ಹಾಳಾಗುವುದನ್ನು ವಾರಗಟ್ಟಲೆ ನೋಡಬಹುದು, ಹೊಸದು ಹಾಕುವುದು ಒಂದು ಮಧ್ಯಾಹ್ನದ ಕೆಲಸ. ಶಾಫ್ಟ್ ಮಾತಾಡುವುದು ಆಯಿಲ್ ಬದಲಿಸುವಾಗ ಮಾತ್ರ. ಡಬ್ಬದ ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ. ಹಲವು ಬೈಕುಗಳಲ್ಲಿ ಅದರ ತುದಿಗೆ ಮ್ಯಾಗ್ನೆಟ್ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿಕೊಂಡಿದ್ದರೆ ಒರೆಸಿ ಮತ್ತೆ ಹಾಕಿ, ಹಲ್ಲುಗಳ ಮಾಮೂಲಿ ಸವೆತ ಅದು. ಎರಡು ಬೆರಳ ನಡುವೆ ಉಜ್ಜಿದಾಗ ಹೊಳೆಯುವ ಚೂರುಗಳು ಚುಚ್ಚಿದರೆ, ಆ ಬೈಕನ್ನು ಓಡಿಸಬೇಡಿ. ಒಳಗೆ ಬೇರಿಂಗೋ ಹಲ್ಲೋ ಮುರಿಯತೊಡಗಿದೆ.