ಲೇಬರ್ ಅಲೆ ಎಲ್ಲಿತ್ತು?

ಪ್ರಶ್ನೆ: ಬ್ರಿಟನ್ನಿನಲ್ಲಿ ರಾಜ್ಯಶಾಸ್ತ್ರದ ಮೊದಲ ವರ್ಷ ಓದುತ್ತಿದ್ದೇನೆ ಮೇಡಂ. 2024ರ ಸಂಸತ್ ಚುನಾವಣೆಯಲ್ಲಿ 650 ಸೀಟುಗಳ ಪೈಕಿ 411 ಲೇಬರ್ ಪಕ್ಷದ ಪಾಲಾದವು. ಅಂದರೆ ಮೂವರಲ್ಲಿ ಇಬ್ಬರು ಲೇಬರ್‌ಗೆ ಮತ ಹಾಕಿದರು, ಲೇಬರ್ ಅಲೆ ಇತ್ತು ಅಂತ ಬರೆಯಬಹುದಲ್ವಾ?

ಬೇಡ, ದಯವಿಟ್ಟು ಬರೆಯಬೇಡಿ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಪಾಠ ಮಾಡುವಾಗ ಎಲ್ಲರೂ ತಲೆಯಾಡಿಸುತ್ತಾರೆ. ಉತ್ತರಪತ್ರಿಕೆ ತೆರೆದರೆ ಮತ್ತೆ ಅದೇ ಸಾಲು: 'ಜನ ಭಾರಿ ಬಹುಮತ ಕೊಟ್ಟರು.' ಅರ್ಧ ಗೊಂದಲ ನಮ್ಮ ಪದದಲ್ಲೇ ಇದೆ. ಬಹುಮತ ಅಂದ ಕೂಡಲೇ ಕಿವಿಗೆ ಬೀಳುವುದು 'ಮತ'. ಆದರೆ ಸಂಸತ್ತಿನಲ್ಲಿ ಬಹುಮತಕ್ಕೆ ಎಣಿಸುವುದು ಸೀಟು.

ಈಗ ಮತ ಎಣಿಸೋಣ. 2024ರಲ್ಲಿ ಲೇಬರ್‌ಗೆ ಬಂದದ್ದು ಸುಮಾರು 97 ಲಕ್ಷ ಮತ, ಶೇ. 33.7. ಮೂವರಲ್ಲಿ ಇಬ್ಬರಲ್ಲ, ಒಬ್ಬರು. ಅದೂ ಮತಗಟ್ಟೆಗೆ ಹೋದವರಲ್ಲಿ. ಪಟ್ಟಿಯಲ್ಲಿದ್ದ ನೂರು ಜನರಲ್ಲಿ ಮತ ಹಾಕಿದ್ದೇ ಸುಮಾರು ಅರವತ್ತು ಮಂದಿ. ಹಾಗೆ ನೋಡಿದರೆ ಐವರಲ್ಲಿ ಒಬ್ಬರು ಮಾತ್ರ ಲೇಬರ್ ಕಡೆ.

ಇನ್ನೂ ಹಿಂದೆ ಹೋಗಿ. 2017ರಲ್ಲಿ ಜೆರೆಮಿ ಕಾರ್ಬಿನ್ ನಾಯಕರಾಗಿದ್ದಾಗ ಲೇಬರ್‌ಗೆ 1 ಕೋಟಿ 28 ಲಕ್ಷ ಮತ ಬಂತು. ಸೀಟು 262, ಸರ್ಕಾರ ಸಿಗಲಿಲ್ಲ. 2019ರಲ್ಲಿ 1 ಕೋಟಿ 2 ಲಕ್ಷ ಮತ, ಸೀಟು 202, ಹೀನಾಯ ಸೋಲು. 2024ರಲ್ಲಿ ಕೀರ್ ಸ್ಟಾರ್ಮರ್ ಅವರಿಗೆ ಅದಕ್ಕಿಂತಲೂ ಐದು ಲಕ್ಷ ಕಡಿಮೆ. ಸೀಟು ಮಾತ್ರ ಎರಡು ಪಟ್ಟು! ಅಲೆ ಅಂದರೆ ನೀರು ಏರಬೇಕು ತಾನೇ? ಇಲ್ಲಿ ಇಳಿದಿದೆ.

ಹಾಗಾದರೆ ಆಗಿದ್ದೇನು? ಅಲ್ಲಿಯವರೆಗೆ ಆಳುತ್ತಿದ್ದ ಕನ್ಸರ್ವೇಟಿವ್ ಪಕ್ಷದ ಮತ ಒಡೆಯಿತು. 2019ರಲ್ಲಿ ಶೇ. 43.6 ಇದ್ದದ್ದು ಶೇ. 23.7ಕ್ಕೆ ಕುಸಿಯಿತು. ದೊಡ್ಡ ಪಾಲು ಇನ್ನೊಂದು ಬಲಪಂಥೀಯ ಪಕ್ಷವಾದ ರಿಫಾರ್ಮ್‌ಗೆ ಹೋಯಿತು. ಒಂದೇ ಒಂದು ಕ್ಷೇತ್ರ ನೋಡಿದರೆ ಸಾಕು: ಸೌತ್ ವೆಸ್ಟ್ ನಾರ್ಫೋಕ್. ಕನ್ಸರ್ವೇಟಿವ್ ಪಕ್ಷದ ಮಾಜಿ ಪ್ರಧಾನಿ ಲಿಜ್ ಟ್ರಸ್ ಅಲ್ಲಿ 2019ರಲ್ಲಿ 26 ಸಾವಿರಕ್ಕೂ ಜಾಸ್ತಿ ಲೀಡ್‌ನಲ್ಲಿ ಗೆದ್ದಿದ್ದರು. 2024ರಲ್ಲಿ 630 ಮತಗಳಿಂದ ಸೋತರು. ಗೆದ್ದ ಲೇಬರ್ ಅಭ್ಯರ್ಥಿಗೆ ಸಿಕ್ಕಿದ್ದು ಶೇ. 26.7. ನಾಲ್ವರಲ್ಲಿ ಮೂವರು ಅವರಿಗೆ ಮತ ಹಾಕಿಲ್ಲ. ಆದರೂ ಗೆದ್ದರು, ಏಕೆಂದರೆ ಕ್ಷೇತ್ರದಲ್ಲಿ ಅರ್ಧ ದಾಟಬೇಕಿಲ್ಲ, ಎರಡನೆಯವರಿಗಿಂತ ಒಂದು ಮತ ಮುಂದಿದ್ದರೆ ಸಾಕು. ರಿಫಾರ್ಮ್‌ನವರು ಅಲ್ಲಿ ಮೂರನೆಯವರಾಗಿ ಹತ್ತಿರ ಹತ್ತಿರ ಹತ್ತು ಸಾವಿರ ಮತ ಪಡೆದಿದ್ದರು.

ಮತ ಎಷ್ಟು ಅನ್ನುವಷ್ಟೇ ಮುಖ್ಯ, ಅದು ಎಲ್ಲಿ ಬಿತ್ತು ಅನ್ನುವುದು. ದೇಶದ ತುಂಬಾ ಚದುರಿದ ಶೇ. 14 ಮತಕ್ಕೆ ರಿಫಾರ್ಮ್‌ಗೆ 5 ಸೀಟು. ತಮಗೆ ಬೇಕಾದ ಕ್ಷೇತ್ರಗಳಲ್ಲಿ ಒಟ್ಟುಗೂಡಿದ ಶೇ. 12 ಮತಕ್ಕೆ ಲಿಬರಲ್ ಡೆಮಾಕ್ರಾಟರಿಗೆ 72.

ಇದು ಹೊಸದೂ ಅಲ್ಲ. 1951ರಲ್ಲಿ ಅಟ್ಲೀ ಅವರ ಲೇಬರ್‌ಗೇ ಹೆಚ್ಚು ಮತ ಬಂದಿತ್ತು, ಪ್ರಧಾನಿಯಾದದ್ದು ಕನ್ಸರ್ವೇಟಿವ್ ಪಕ್ಷದ ಚರ್ಚಿಲ್. ನಾವು ಬ್ರಿಟನ್ನಿನಿಂದ ಪಡೆದದ್ದೂ ಇದೇ ಪದ್ಧತಿ. ಕರ್ನಾಟಕದ 2018ರ ಫಲಿತಾಂಶ ನೆನಪಿಸಿಕೊಳ್ಳಿ: ಶೇ. 38 ಮತ ಪಡೆದ ಕಾಂಗ್ರೆಸ್‌ಗಿಂತ ಶೇ. 36 ಪಡೆದ ಬಿಜೆಪಿಗೆ ಸೀಟು ಜಾಸ್ತಿ. ಊರಿನ ಚುನಾವಣೆಯಲ್ಲಿ ಮತ ವಿಭಜನೆ ಬಗ್ಗೆ ಬೂತ್ ಬೂತ್ ಲೆಕ್ಕ ಹೇಳುವ ಮಕ್ಕಳು ಬ್ರಿಟನ್ ಅಂದ ತಕ್ಷಣ ಅದನ್ನೆಲ್ಲ ಯಾಕೆ ಮರೆಯುತ್ತೀರೋ! ಗೊತ್ತಿರುವುದನ್ನೇ ಬಳಸಿ. 'ಲೇಬರ್ ಶೇ. 34 ಮತಕ್ಕೆ ಶೇ. 63 ಸೀಟು ಪಡೆಯಿತು' ಎಂದು ಬರೆಯಿರಿ. ನನ್ನ ವಿದ್ಯಾರ್ಥಿಯೊಬ್ಬಳು ಹೋದ ವರ್ಷ ಈ ಒಂದು ವಾಕ್ಯದಿಂದ ಪ್ರಬಂಧ ಶುರು ಮಾಡಿದ್ದಳು. ಓದಿ ತುಂಬಾ ಖುಷಿಯಾಯಿತು.

ನೀವು ಕೇಳದ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನೀವು ಮತದಾರರ ಪಟ್ಟಿಗೆ ಹೆಸರು ಸೇರಿಸಿದ್ದೀರಾ? ಭಾರತದ ಪ್ರಜೆ ಕಾಮನ್‌ವೆಲ್ತ್ ಪ್ರಜೆಯೂ ಹೌದು. 18 ತುಂಬಿದ್ದು, ವೀಸಾ ಮೇಲೆ ಕಾನೂನುಬದ್ಧವಾಗಿ ಅಲ್ಲಿ ವಾಸವಿದ್ದರೆ ಬ್ರಿಟಿಷ್ ಸಂಸತ್ತಿನ ಚುನಾವಣೆಯಲ್ಲೇ ಮತ ಹಾಕಬಹುದು. ನಿಮ್ಮ ಪಕ್ಕ ಕೂರುವ ಜರ್ಮನಿಯ ಪ್ರಜೆಗೆ ಈ ಹಕ್ಕಿಲ್ಲ. ಎಷ್ಟೋ ಕನ್ನಡದ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ಚೀಟಿ ಕೇಳುತ್ತಾರೆ. 2024ರಲ್ಲಿ ಭಾರತದ ಪಾಸ್‌ಪೋರ್ಟ್ ನಡೆಯುತ್ತಿತ್ತು, ವಿಶ್ವವಿದ್ಯಾಲಯದ ಐಡಿ ಕಾರ್ಡ್ ನಡೆಯುತ್ತಿರಲಿಲ್ಲ. ಹೆಸರು ಸೇರಿಸುವುದು ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ಪ್ರಬಂಧ ಮುಗಿಯಲಿ ಅಂತ ಕಾಯಬೇಡಿ, ಇವತ್ತೇ ಮಾಡಿ.