ಬೇರೆಯವರ ಪುಸ್ತಕದಲ್ಲಿ ಸಿಕ್ಕ ಶಾಸನಕ್ಕೆ ಅಡಿಟಿಪ್ಪಣಿ ಹಾಕುವುದು ಹೇಗೆ?

ಪ್ರಶ್ನೆ: ಹೊಯ್ಸಳರ ಕಾಲದ ದತ್ತಿಗಳ ಬಗ್ಗೆ ಪಿಎಚ್.ಡಿ ಮಾಡುತ್ತಿದ್ದೇನೆ. ಬೇಲೂರಿನ ಒಂದು ಶಾಸನದ ಸಾಲುಗಳು ಒಂದು ಪುಸ್ತಕದಲ್ಲಿ ಸಿಕ್ಕವು. ಅದರ ಅಡಿಟಿಪ್ಪಣಿಯಲ್ಲಿ ‘ಎ.ಕ. ಸಂ. 9’ ಎಂದಿದೆ. ನಾನೂ ಹಾಗೇ ಹಾಕಿದರೆ ಸಾಕಲ್ವಾ?

ಸಾಲದು. ನೀವು ಓದಿದ್ದು ಆ ಪುಸ್ತಕವನ್ನು; ‘ಎ.ಕ.’ ಅಂದರೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯನ್ನಲ್ಲ. ‘ಇದನ್ನು ನಾನು ಇಲ್ಲಿ ನೋಡಿದೆ, ಬೇಕಾದರೆ ನೀವೂ ತೆಗೆದು ನೋಡಿ’ ಅಂತ ಓದುವವರಿಗೆ ಹೇಳುವುದೇ ಅಡಿಟಿಪ್ಪಣಿ. ನೋಡದೇ ಇದ್ದದ್ದನ್ನು ನೋಡಿದೆ ಅಂತ ಬರೆಯಬಾರದು.

ನಿಮ್ಮ ಪ್ರಶ್ನೆಯಲ್ಲೇ ಒಂದು ತೊಡಕಿದೆ. ಶಾಸನತಜ್ಞ ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ಈ ಮಾಲೆಯ ಹಳೆಯ ಸಂಪುಟಗಳಲ್ಲಿ ಬೇಲೂರಿನ ಶಾಸನಗಳು ಇರುವುದು 5ನೇದರಲ್ಲಿ, ಅಂದರೆ ಹಾಸನ ಜಿಲ್ಲೆಯ ಸಂಪುಟದಲ್ಲಿ. ಅಲ್ಲಿ 9ನೇದು ಬೆಂಗಳೂರು ಜಿಲ್ಲೆಯದು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಪರಿಷ್ಕೃತ ಆವೃತ್ತಿ ತರಲು ಶುರುಮಾಡಿತು, ಹೊಸದಾಗಿ ಸಿಕ್ಕ ಶಾಸನಗಳು ಸೇರಿದವು, ಸಂಪುಟಗಳ ಹಂಚಿಕೆ ಬದಲಾಯಿತು, ಶಾಸನಗಳ ಸಂಖ್ಯೆಯೂ ಬದಲಾಯಿತು, ಬೇಲೂರು 9ನೇ ಸಂಪುಟಕ್ಕೆ ಬಂತು. ಹಾಗಾಗಿ ಸುಮ್ನೆ ‘ಸಂ. 9’ ಅಂತ ಬರೆದರೆ, ಹಳೆಯ ಸಂಪುಟ ಕೈಯಲ್ಲಿರುವವರು ಬೇಲೂರನ್ನು ಬೆಂಗಳೂರಿನ ಶಾಸನಗಳ ನಡುವೆ ಹುಡುಕಬೇಕಾಗುತ್ತದೆ. ಆವೃತ್ತಿ ಹೇಳಲೇಬೇಕು.

ಬರೀ ಪುಟಸಂಖ್ಯೆಯನ್ನೂ ನಂಬಿಕೊಳ್ಳಬೇಡಿ. ರೈಸ್ ಸಂಪುಟಗಳಲ್ಲಿ ಕನ್ನಡ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಬೇರೆ ಬೇರೆ ಭಾಗಗಳಲ್ಲಿವೆ, ಪುಟಸಂಖ್ಯೆ ಮತ್ತೆ ಮತ್ತೆ 1ರಿಂದ ಶುರುವಾಗುತ್ತದೆ. ತಾಲ್ಲೂಕಿನ ಹೆಸರು, ಶಾಸನದ ಸಂಖ್ಯೆ, ಸಾಲು ಕೊಟ್ಟರೆ ಯಾರಿಗೂ ದಾರಿ ತಪ್ಪುವುದಿಲ್ಲ.

ಈಗ ನೀವು ಮಾಡಬೇಕಾದ್ದು ಇಷ್ಟೇ. ಮೊದಲು ಮೂಲ ಸಂಪುಟ ತೆಗೆಯಿರಿ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೇಳಿ, ರೈಸ್ ಸಂಪುಟಗಳಾದರೆ ಇಂಟರ್ನೆಟ್ ಆರ್ಕೈವ್‌ನಲ್ಲೂ ಇವೆ. ಸಿಕ್ಕಿದ ಮೇಲೆ ಸಾಲು ಸಾಲಾಗಿ ಹೋಲಿಸಿ ನೋಡಿ, ಯಾಕೆಂದರೆ ಪುಸ್ತಕದವರು ತಮಗೆ ಬೇಡದ ಸಾಲನ್ನು ಬಿಟ್ಟಿರಬಹುದು, ನಿಮ್ಮ ವಾದಕ್ಕೆ ಬೇಕಾದ್ದು ಅದೇ ಸಾಲಾಗಿರಬಹುದು. ತೇದಿಯನ್ನೂ ನೋಡಿ. ಶಾಸನದಲ್ಲಿ ಸಾಮಾನ್ಯವಾಗಿ ಇರುವುದು ಶಕವರ್ಷ, ಅದಕ್ಕೆ 78 ಅಥವಾ 79 ಸೇರಿಸಿ ಕ್ರಿ.ಶ. ಮಾಡುವವರು ನಾವು. ಎರಡನ್ನೂ ಕೊಟ್ಟರೆ ಒಳ್ಳೆಯದು.

ಮೂಲ ನೋಡಿ ಆಯಿತಾ? ಹಾಗಾದರೆ ‘ಎ.ಕ. (ಪರಿಷ್ಕೃತ), ಸಂ. 9, ಬೇಲೂರು’ ಎಂದು ಬರೆದು ಶಾಸನದ ಸಂಖ್ಯೆ, ಸಾಲು ಹಾಕಿ. ಎಷ್ಟು ಹುಡುಕಿದರೂ ಸಿಗಲಿಲ್ಲವಾ? ಆಗ ಅದೇ ವಿವರದ ಮುಂದೆ ‘ಉದ್ಧೃತ’ (ಅಂದರೆ ಬೇರೆ ಪುಸ್ತಕದಲ್ಲಿ ಉಲ್ಲೇಖವಾದದ್ದು) ಎಂದು ಹಾಕಿ, ನೀವು ಓದಿದ ಪುಸ್ತಕದ ಲೇಖಕರು, ಹೆಸರು, ವರ್ಷ, ಪುಟ ಕೊಡಿ. ಅದರಲ್ಲಿ ಸಣ್ಣತನ ಏನೂ ಇಲ್ಲ. ಬಿಟ್ಟುಹೋದ ಸಂಖ್ಯೆಯನ್ನು ಎಐ ಹತ್ತಿರ ಕೇಳಿ ತುಂಬಿಸಲು ಮಾತ್ರ ಹೋಗಬೇಡಿ, ಇಲ್ಲದ ಶಾಸನಕ್ಕೂ ಅದು ಸಂಖ್ಯೆ ಕೊಟ್ಟುಬಿಡಬಹುದು.